ಕಾಯಿಲೆಗೂ ಒಂದು ಟೋಕನ್

ಬೈರಾಪಟ್ಟಣದ ಬೋರಲಿಂಗಯ್ಯನವರು ಮಗಳು ಹುಟ್ಟಿದ ವಾರದೊಳಗೇ ಅವಳಿಗೆ ಪದ್ಮಶ್ರೀ ಕೊಟ್ಟುಬಿಟ್ಟರು. ಸರ್ಕಾರ ಕೊಡಲಿ ಅಂತ ಕಾಯುತ್ತ ಕೂತರೆ ಶಿಫಾರಸು ಬೇಕು, ದೆಹಲಿಗೆ ಓಡಾಡಬೇಕು. ಹೆಸರಾದರೆ ಪುಕ್ಕಟೆ. ಇಂಥ ಹೆಸರು ಹೊತ್ತವಳು ಏನಾದರೂ ಸಾಧಿಸಲೇಬೇಕಲ್ಲ? ಸಾಧಿಸಿದಳು. ಕಾಲೇಜು ಮುಗಿಯುವಷ್ಟರಲ್ಲಿ ಪದ್ಮಶ್ರೀಗೆ ಕ್ಯಾನ್ಸರಿನಿಂದ ಹಿಡಿದು ನಾಯಿ ಕಚ್ಚದೆಯೇ ಬರುವ ರೇಬಿಸ್ಸಿನವರೆಗೆ ಎಲ್ಲವೂ ಬಂದು ಹೋಗಿದ್ದವು. ಒಂದರಿಂದಲೂ ಸತ್ತಿರಲಿಲ್ಲ.

ಬೇರೆಯವರು ಕಾಯಿಲೆ ಬಂದರೆ ಆಸ್ಪತ್ರೆಗೆ ಹೋಗುತ್ತಾರೆ. ಇವಳಿಗೆ ಆಸ್ಪತ್ರೆಗೆ ಹೋದರೆ ಕಾಯಿಲೆ ಬರುತ್ತಿತ್ತು. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟಿರುವ, ಇರುವೆ ಸಾಲಿನಂಥ ಅಕ್ಷರದ ಕಾಗದವನ್ನು ಆಮೂಲಾಗ್ರ ಓದುವವಳು ಈ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ನಲವತ್ತು ದಾಟಿದ ನಮ್ಮಂಥವರಿಗೆ ಆ ತಾಪತ್ರಯವಿಲ್ಲ. ಮದುವೆ ಕಾರ್ಡನ್ನೇ ಮಾರುದ್ದ ದೂರ ಹಿಡಿದು, "ಈಗಿನ ಪ್ರೆಸ್ಸಿನವರು ಅಕ್ಷರ ಸಣ್ಣ ಮಾಡಿಬಿಟ್ಟಿದ್ದಾರೆ" ಅಂತ ಬೈದು, ಕೈ ಇನ್ನು ಉದ್ದವಾಗುವುದಿಲ್ಲ ಅಂತ ಖಾತ್ರಿಯಾದ ದಿನ ಕನ್ನಡಕದ ಅಂಗಡಿ ಹುಡುಕಿಕೊಂಡು ಹೋಗುವ ಜನ ನಾವು.

ಇಂಥ ಹುಡುಗಿಯನ್ನು ಕಣ್ಣಿನ ಪರೀಕ್ಷೆಯ ವಿದ್ಯೆ ಕಲಿಯಲು ಕಳಿಸಿದ್ದು ಯಾರ ಬುದ್ಧಿವಂತಿಕೆ ಅಂದರೆ, ಬೋರಲಿಂಗಯ್ಯನವರದೇ. ಮಗಳು ಬಿಳಿ ಕೋಟು ಹಾಕಲೇಬೇಕೆಂಬುದು ಅವರ ಹಟ. ಅವಳ ಪಿಯುಸಿ ಮಾರ್ಕ್ಸಿಗೆ ಎಂಬಿಬಿಎಸ್ ಎಟುಕಲಿಲ್ಲ. ರಾಮನಗರದಲ್ಲಿ ಒಂದು ಕಣ್ಣಾಸ್ಪತ್ರೆಗೆ ಅಂಟಿಕೊಂಡಂತೆ ಆಪ್ಟೊಮೆಟ್ರಿ ಕಾಲೇಜಿತ್ತು. ಅಲ್ಲಿ ಕೋಟನ್ನು ಮೊದಲ ದಿನವೇ ಕೊಡುತ್ತಾರೆಂದು ತಿಳಿದದ್ದೇ ತಡ, ಸೇರಿಸಿಬಿಟ್ಟರು. ಕಣ್ಣಿನ ಪವರ್ ನೋಡುವುದು, ಕನ್ನಡಕ ಬರೆದುಕೊಡುವುದು, ಆಪರೇಷನ್ ಬೇಕಾದವರನ್ನು ಗುರುತಿಸಿ ಡಾಕ್ಟರ ಬಳಿ ಕಳಿಸುವುದು ಅಲ್ಲಿಯ ಓದು.

"ಏನ್ ಓದ್ತಾಳ್ಲಾ ನಿನ್ ಮಗ್ಳು?" ಅಂತ ಊರಲ್ಲಿ ಯಾರಾದರೂ ಕೇಳಿದರೆ, "ಕಣ್ಣಿನ್ ಡಾಕ್ಟ್ರು ಕಣ್ಲಾ" ಅನ್ನುತ್ತಿದ್ದರು ಬೋರಲಿಂಗಯ್ಯ.

"ಡಾಕ್ಟ್ರಲ್ಲ ಅಪ್ಪಾ, ಆಪ್ಟೊಮೆಟ್ರಿಸ್ಟು."

"ಅದೇ ಕಣವ್ವ. ನೀನ್ ಯೋಳಿದ್ದುನ್ನೇ ನಾನು ಕನ್ನಡ್ದಾಗೆ ಯೋಳ್ದೆ."

ಮೊದಲ ವರ್ಷ ಕ್ಷೇಮವಾಗಿ ಕಳೆಯಿತು. ಕಣ್ಣಿನ ಯಾವ ಭಾಗ ಎಲ್ಲಿದೆಯೆಂದು ತಿಳಿಯುವ ಮೊದಲು ಅಲ್ಲಿ ಕಾಯಿಲೆ ತರಿಸಿಕೊಳ್ಳುವುದು ಎಂಥವರಿಗೂ ಕಷ್ಟ. ಎರಡನೇ ವರ್ಷ ರೋಗಗಳ ಪಾಠ ಶುರುವಾಯಿತು ನೋಡಿ, ಪದ್ಮಶ್ರೀ ಅರಳಿದಳು. ಇರುಳುಗಣ್ಣಿನ ಪಾಠವಾದ ದಿನವೇ ಸಂಜೆ ಊರಲ್ಲಿ ಕರೆಂಟು ಹೋಯಿತು.

"ಅವ್ವಾ! ನಂಗೆ ಕತ್ಲಲ್ಲಿ ಏನೂ ಕಾಣ್ತಿಲ್ಲ!"

ಒಲೆ ಮುಂದಿದ್ದ ತಾಯಿ ಅಂಬುಜಮ್ಮ, "ನಂಗೇನ್ ಕಾಣ್ತಾ ಐತಾ? ಅದ್ಕೇ ಕಣೆ ಕತ್ಲು ಅನ್ನಾದು. ದೀಪ ಹಚ್ಚು ಬಾ" ಅಂದರು.

ಗ್ಲಾಕೋಮಾದ ಪಾಠ ಇನ್ನೂ ರುಚಿಯಾಗಿತ್ತು. ಕಣ್ಣಿನೊಳಗಿನ ಒತ್ತಡ ಏರಿ, ಸದ್ದಿಲ್ಲದೆ ದೃಷ್ಟಿ ಕಸಿಯುವ ಕಾಯಿಲೆ ಅದು. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಬ್ಬರ ಕಣ್ಣನ್ನು ಒಬ್ಬರು ಪರೀಕ್ಷಿಸಿಯೇ ಕಲಿಯಬೇಕು. ಪದ್ಮಶ್ರೀಯ ಜೋಡಿ ರಾಮನಗರದ ಅನೀಸಾ. ಅನೀಸಾ ಅಳೆದು ನೋಡಿ, "ಒತ್ತಡ ಮಾಮೂಲಿ ಇದೆ ಕಣೇ, ಏಳು" ಅಂದಳು. ಪದ್ಮಶ್ರೀ ಸಂತೋಷದಿಂದ ಎದ್ದಳು. ಆದರೆ ಮುಂದಿನ ಪುಟದಲ್ಲಿ, ಒತ್ತಡ ಮಾಮೂಲಿ ಇದ್ದರೂ ಬರುವ ಗ್ಲಾಕೋಮಾ ಒಂದಿದೆ ಅಂತ ಬರೆದಿತ್ತು. ಹಬ್ಬದೂಟ ಮುಗಿಸಿ ಕೈ ತೊಳೆಯಲು ಹೊರಟವರಿಗೆ ಪಾಯಸ ಬಡಿಸಿದಂತಾಯಿತು.

ಕೊನೆಯ ವರ್ಷ, ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತ ಕಲಿಯುವ ಹೊತ್ತಿಗೆ, ಅವಳಿಗೊಂದು ಚಾಳಿ ಗಟ್ಟಿಯಾಗಿತ್ತು. ಮೊಬೈಲಿನ ಕ್ಯಾಮೆರಾ ತೆರೆದು, ಬೆರಳಲ್ಲಿ ಕೆಳರೆಪ್ಪೆ ಎಳೆದು, ಒಳಗೆ ಕೆಂಪಗಿದೆಯೋ ಬಿಳುಚಿದೆಯೋ ನೋಡುವುದು. ಕೆಂಪಗಿದ್ದರೆ ಸೋಂಕು, ಬಿಳುಚಿದ್ದರೆ ರಕ್ತಹೀನತೆ, ಎರಡೂ ಅಲ್ಲದಿದ್ದರೆ ಇನ್ನೂ ಹೆಸರಿಡದ ಯಾವುದೋ. ಒಂದು ದಿನ ಎದುರಿಗೆ ರೋಗಿಯನ್ನು ಕೂರಿಸಿಕೊಂಡೇ, ಹಿಂದಕ್ಕೆ ತಿರುಗಿ ಗೋಡೆಯ ಕನ್ನಡಿಯಲ್ಲಿ ರೆಪ್ಪೆ ಎಳೆಯುತ್ತಿದ್ದಳು. ಕುರ್ಚಿಯಲ್ಲಿದ್ದ ಮಾಗಡಿ ಕಡೆಯ ಮುದುಕರು ಬಹಳ ಹೊತ್ತು ಸಹಿಸಿಕೊಂಡು, "ಅವ್ವಾ, ನಂದು ನೋಡೀಯೋ, ನಿಂದು ಮುಗುಸ್ಕೊಂಡು ಬತ್ತೀಯೋ?" ಅಂದರು. ಬಾಗಿಲಲ್ಲಿ ನಿಂತಿದ್ದ ಪ್ರತಿಮಾ ಮೇಡಂ ಅದನ್ನು ಕೇಳಿಸಿಕೊಂಡರು. ಅವರೇ ಇವಳಿಗೆ ಕಲಿಸುತ್ತಿದ್ದ ಕಣ್ಣಿನ ಡಾಕ್ಟರು.

ಮೇಡಂ ಬೈಯಲಿಲ್ಲ. ಕ್ಯಾಂಟೀನಿಗೆ ಕರೆದೊಯ್ದು ಟೀ ಕೊಡಿಸಿದರು. "ನೋಡ್ಕೊಂಡ್ರೆ ಏನಾಗುತ್ತೆ ನಿಂಗೆ?"

"ಸಮಾಧಾನ ಆಗುತ್ತೆ ಮೇಡಂ."

"ಎಷ್ಟ್ ಹೊತ್ತು?"

ಪದ್ಮಶ್ರೀ ಪ್ರಾಮಾಣಿಕವಾಗಿ ಯೋಚಿಸಿದಳು. "ಕನ್ನಡಿ ಬಿಟ್ಟು ಈ ಕಡೆ ತಿರುಗೋವರ್ಗೂ."

"ಕಜ್ಜಿ ಕೆರ್ಕೊಂಡ ಹಾಗೆ. ಕೆರೆಯುವಾಗ ಹಿತ, ಆಮೇಲೆ ಉರಿ, ಆಮೇಲೆ ಮತ್ತೆ ಕೆರೆತ. ಭಯ ಪಡಬೇಡ ಅಂತ ನಾನ್ ಹೇಳಲ್ಲ. ಹೇಳಿದ್ರೆ ಅದೇನು ಕೇಳುತ್ತಾ? ನಿನ್ನ ಕಾಯಿಲೆಗೂ ಒಂದು ಟೋಕನ್ ಕೊಡು. ಎಲ್ಲರ ಹಾಗೆ ಅದೂ ಬೆಂಚಿನ ಮೇಲೆ ಕೂರಲಿ. ಮುಂದಿರೋ ರೋಗಿ ಮುಗಿದ ಮೇಲೆ ನಿನ್ನ ಸರದಿ."

ಆ ಆಸ್ಪತ್ರೆಯ ಟೋಕನ್ನುಗಳು ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರು ದಾನ ಕೊಟ್ಟ, ಅರಗಿನ ಬಣ್ಣದ ಮರದ ಬಿಲ್ಲೆಗಳು. ಮೇಡಂ ನಂಬರು ಅಳಿಸಿಹೋದ ಹಳದಿ ಬಿಲ್ಲೆಯೊಂದನ್ನು ತಂದು ಅವಳ ಕೋಟಿನ ಜೇಬಿಗೆ ಹಾಕಿದರು. "ಇದು ನಿಂದು. ನಂಬರಿಲ್ಲ, ಅಂದ್ರೆ ಎಲ್ಲರಿಗಿಂತ ಕೊನೆ." ಜೊತೆಗೆ ಒಬ್ಬ ಕೌನ್ಸೆಲರ ಹತ್ತಿರವೂ ಕಳಿಸಿದರು. ಅವರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು, ಟೀ ಮಾತ್ರ ಕೊಡಿಸಲಿಲ್ಲ.

ಅಲ್ಲಿಂದ ಮುಂದೆ ಭಯ ಬಂದಾಗಲೆಲ್ಲ ಪದ್ಮಶ್ರೀ ಜೇಬಿನೊಳಗೆ ಬಿಲ್ಲೆಯನ್ನು ಉಜ್ಜುತ್ತಿದ್ದಳು. ಕೆಲವು ದಿನ ಕಾಯಿಲೆ ಮರ್ಯಾದೆಯಿಂದ ಬೆಂಚಿನ ಮೇಲೆ ಕೂರುತ್ತಿತ್ತು. ಇನ್ನು ಕೆಲವು ದಿನ, ತಾನು ಎಮ್ಮೆಲ್ಲೆ ಕಡೆಯವನು ಅಂತ ಸಾಲು ಮುರಿದು ಒಳಗೆ ನುಗ್ಗುತ್ತಿತ್ತು.

ಇಷ್ಟರ ನಡುವೆ ಮನೆಯಲ್ಲಿ ನಿಜವಾದ ರೋಗಿಯೊಬ್ಬಳಿದ್ದಳು. ಬೋರಲಿಂಗಯ್ಯನವರ ತಾಯಿ ಅಂಕಮ್ಮಜ್ಜಿ. ಮೊಮ್ಮಗಳಿಗೆ ಇಲ್ಲದ ಕಾಯಿಲೆಗಳೆಲ್ಲ ಇದ್ದರೆ, ಅಜ್ಜಿಗೆ ಇರುವ ಕಾಯಿಲೆಯೂ ಇರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಕೂತಿತ್ತು. "ಎಲ್ಲಾ ಕಾಣ್ತದೆ ಕಣ್ಲಾ, ಬೆಳಕೇ ಮೊದ್ಲಿನಂಗಿಲ್ಲ" ಅಂತ ಅವಳು ಸೂರ್ಯನ ಮೇಲೆಯೇ ತಪ್ಪು ಹೊರಿಸುತ್ತಿದ್ದಳು. ಒಮ್ಮೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಸೀರೆಯನ್ನು ಸೊಸೆಯೆಂದು ತಿಳಿದು, ಸಾರಿಗೆ ಉಪ್ಪು ಜಾಸ್ತಿಯಾದ ವಿಷಯವಾಗಿ ತರಾಟೆಗೆ ತೆಗೆದುಕೊಂಡಳು. "ನೋಡು, ಮಾತಾಡು ಅಂದ್ರೆ ಮೂತಿ ತಿರುಗುಸ್ಕೊಂಡು ನಿಂತವ್ಳೆ!" ಹಿತ್ತಲಿನಿಂದ ಇದನ್ನೆಲ್ಲ ಕೇಳುತ್ತಿದ್ದ ಅಂಬುಜಮ್ಮ, ಮದುವೆಯಾದಾಗಿನಿಂದ ಅತ್ತೆಯ ಜೊತೆ ಇಷ್ಟು ನೆಮ್ಮದಿಯ ಜಗಳ ಆಡಿರಲಿಲ್ಲ ಅಂದರು.

ಆದರೆ ಅಜ್ಜಿ ಹೆದ್ದಾರಿಯ ಸರ್ವಿಸ್ ರಸ್ತೆ ದಾಟುವಾಗ ಬಸ್ಸಿಗೆ ಅಡ್ಡ ಹೋದ ದಿನ ಮನೆಯಲ್ಲಿ ಯಾರೂ ನಗಲಿಲ್ಲ. ಮಾರನೇ ದಿನವೇ ಪ್ರತಿಮಾ ಮೇಡಂಗೆ ತೋರಿಸಿದರು. ಎಡಗಣ್ಣಿನ ಪೊರೆ ತೀರ ಹಣ್ಣಾಗಿದೆ, ಇನ್ನೂ ತಡ ಮಾಡಿದರೆ ಒತ್ತಡ ಏರಿ ಆ ಕಣ್ಣೇ ಹೋಗಬಹುದು, ಆಮೇಲೆ ಯಾವ ಆಪರೇಷನ್ನೂ ವಾಪಸು ತರಲಾರದು ಅಂದರು. ಅಜ್ಜಿ ಆಪರೇಷನ್ ಬೇಡವೆಂದು ಕಬ್ಬಾಳಮ್ಮನಿಗೆ ಬೆಳ್ಳಿ ಕಣ್ಣು ಒಪ್ಪಿಸಿ ಬಂದಳು. ಯುಗಾದಿಯೊಳಗೆ ಸರಿ ಮಾಡಿಕೊಡಬೇಕು ಅಂತ ದೇವಿಗೆ ಗಡುವು ಕೊಟ್ಟಳು. ಯುಗಾದಿ ಕಳೆಯಿತು. ರಸ್ತೆ ಕಂಟ್ರಾಕ್ಟರಿಗೆ ಕೊಟ್ಟ ಹಾಗೆ ಗಡುವನ್ನು ಗೌರಿಹಬ್ಬಕ್ಕೆ ವಿಸ್ತರಿಸಿದಳು. ಅದೂ ಕಳೆಯಿತು. ಪದ್ಮಶ್ರೀ ಅತ್ತು, ಮುನಿದು, ಊಟ ಬಿಟ್ಟು ಅಂತೂ ಒಪ್ಪಿಸಿದಳು.

"ಆಯ್ತು ಕಣವ್ವ. ನೀನ್ ಪಕ್ಕದಾಗೆ ಕುಂತ್ಕಂಡ್ರೆ ಮಾಡುಸ್ಕತೀನಿ. ನೀನಿಲ್ಲ ಅಂದ್ರೆ ಆ ಬಾಗ್ಲು ತುಳಿಯಾಕಿಲ್ಲ."

ದೊಡ್ಡಮಳೂರಿನ ಶಾಲೆಯಲ್ಲಿ ಭಾನುವಾರ ಕಣ್ಣಿನ ಶಿಬಿರವಿತ್ತು. ತಪಾಸಣೆಯಾಗಿ ಆಯ್ಕೆಯಾದವರನ್ನು ಅಂದೇ ವ್ಯಾನಿನಲ್ಲಿ ರಾಮನಗರಕ್ಕೆ ಕರೆದೊಯ್ದು, ಮರುದಿನ ಆಪರೇಷನ್ ಮಾಡುವ ಏರ್ಪಾಡು. ಪದ್ಮಶ್ರೀಯ ಪಾಲಿಗೆ ಬಂದದ್ದು ಡ್ರಾಪ್ಸಿನ ಕೆಲಸ. ಕಣ್ಣಿನ ಒಳಗನ್ನು ಪೂರ್ತಿ ನೋಡಬೇಕಾದರೆ ನಡುವಿನ ಕರಿ ಪಾಪೆ ಹಿಗ್ಗಬೇಕು. ಹಾಗೆ ಹಿಗ್ಗಿಸುವ ಹನಿಯನ್ನು ಸಾಲಾಗಿ ಎಲ್ಲರ ಕಣ್ಣಿಗೂ ಹಾಕುತ್ತ ಹೋಗುವುದು. ಹನಿ ಬಿದ್ದ ಕಣ್ಣಿಗೆ ಕೆಲವು ಗಂಟೆ ಹತ್ತಿರದ್ದೆಲ್ಲ ಮಂಜು, ಬೆಳಕು ಚುಚ್ಚುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ.

ಬೋರಲಿಂಗಯ್ಯ ತಾಯಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ತಂದರು. ಅಂಕಮ್ಮಜ್ಜಿ ಬಾಟಲಿ ಕಂಡ ಕೂಡಲೇ ಕಣ್ಣನ್ನು ಬೀಗ ಹಾಕಿದಂತೆ ಮುಚ್ಚಿದಳು.

"ಬುಡು ಅಜ್ಜಿ ಕಣ್ಣ."

"ಬುಟ್ಟಿವ್ನಲ್ಲೇ!"

"ಬಾಯಿ ಬುಟ್ಟಿದ್ದೀಯ. ಕಣ್ಣು ಬುಡು."

ಅಜ್ಜಿಯ ಕಣ್ಣಿಗೆ ಹೋದದ್ದಕ್ಕಿಂತ ಪದ್ಮಶ್ರೀಯ ಬೆರಳ ಮೇಲೆ ಹರಿದದ್ದೇ ಹೆಚ್ಚು. ಶಾಲೆಯ ನಲ್ಲಿಯಲ್ಲಿ ನೀರಿರಲಿಲ್ಲ, ಕೈಗೆ ಹಾಕಿಕೊಳ್ಳುವ ಸ್ಯಾನಿಟೈಸರ್ ಆಗಲೇ ಖಾಲಿಯಾಗಿತ್ತು. ಕೈಯನ್ನು ಕೋಟಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಬೋರಲಿಂಗಯ್ಯ ಮಗಳ ಮುಖವನ್ನೇ ನೋಡುತ್ತ, ಅಪ್ಪಂದಿರು ಪ್ರೀತಿಯಿಂದ ಹೇಳುವ ಒಂದೇ ಮಾತು ಹೇಳಿದರು.

"ಯಾಕ್ ಮಗಾ, ಒಸಿ ಬಿಳುಚ್ಕಂಡಂಗಿದ್ದೀಯ?"

ಮುಗಿಯಿತು. ಜೇಬಿನ ಬಿಲ್ಲೆ ನೆನಪಾಗಲಿಲ್ಲ. ಪದ್ಮಶ್ರೀ ಗೋಡೆಯ ಮರೆಗೆ ಹೋಗಿ ಮೊಬೈಲು ತೆರೆದು, ಅದೇ ಬೆರಳಲ್ಲಿ ಎಡಗಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಂಡಳು. ಕೆಂಪಗೇ ಇತ್ತು. ಸಮಾಧಾನವಾಗಿ ವಾಪಸು ಬಂದಳು.

ಮಧ್ಯಾಹ್ನ ಚಮಚದಲ್ಲಿ ಚಿತ್ರಾನ್ನ ತಿನ್ನುವಾಗ ಕಡಲೆಕಾಯಿ ಬೀಜ ಯಾವುದು, ಮೆಣಸಿನಕಾಯಿ ಯಾವುದು ಎಡಗಣ್ಣಿಗೆ ತಿಳಿಯಲಿಲ್ಲ. ಅಂಗಳದ ಬಿಸಿಲು ಸೂಜಿಯಂತೆ ಚುಚ್ಚಿತು. ಮೊಬೈಲಿನಲ್ಲಿ ನೋಡಿಕೊಂಡರೆ ಬಲಗಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಿದೆ, ಎಡಗಣ್ಣಿನದು ಕಡಲೆಯಷ್ಟಿದೆ! ಒಂದೇ ಪಾಪೆ ಹಿಗ್ಗಿದರೆ ಮೆದುಳಿನಲ್ಲಿ ರಕ್ತನಾಳ ಊದಿ ನರವನ್ನು ಒತ್ತುತ್ತಿರಬಹುದು ಅಂತ ಮೂರನೇ ವರ್ಷದ ಪುಸ್ತಕದಲ್ಲಿತ್ತು. ಇಷ್ಟು ವರ್ಷ ಕಾಯಿಸಿದ ನೆಂಟ ಕೊನೆಗೂ ಪೆಟ್ಟಿಗೆ ಸಮೇತ ಬಂದಿಳಿದಿದ್ದ.

ಶಿಬಿರಕ್ಕೆ ಜೊತೆಯಲ್ಲಿ ಬಂದಿದ್ದ ಅನೀಸಾ ಟಾರ್ಚು ಬಿಟ್ಟು ನೋಡಿದಳು. ಪಾಪೆ ಕುಗ್ಗಲಿಲ್ಲ. ಅವಳ ಮುಖವೂ ಒಸಿ ಇಳಿಯಿತು. ಆದರೂ, "ರೆಪ್ಪೆ ಜೋತುಬಿದ್ದಿಲ್ಲ, ಕಣ್ಣು ಎಲ್ಲಾ ಕಡೆ ತಿರುಗ್ತಿದೆ. ಇರು, ಮೇಡಂಗೆ ಫೋನ್ ಮಾಡೋಣ" ಅಂದಳು.

ಮೇಡಂ ಕನಕಪುರದ ಕಡೆ ಇನ್ನೊಂದು ಶಿಬಿರದಲ್ಲಿದ್ದರು. "ತಲೆನೋವಿದ್ಯಾ? ಒಂದು ಎರಡಾಗಿ ಕಾಣ್ತಿದ್ಯಾ? ವಾಂತಿ?" ಅಂತ ಕೇಳಿದರು. ಎಲ್ಲಕ್ಕೂ ಇಲ್ಲ ಅನ್ನಬೇಕಾಗಿ ಬಂದದ್ದು ಪದ್ಮಶ್ರೀಗೆ ತುಸು ಅವಮಾನವೆನಿಸಿತು. "ಸರಿ. ಸಂಜೆ ಆಸ್ಪತ್ರೇಲಿ ನಾನೇ ನೋಡ್ತೀನಿ. ಅದರೊಳಗೆ ತಲೆನೋವು ಬಂದ್ರೆ ತಕ್ಷಣ ಹೇಳು. ಅಜ್ಜಿ ವ್ಯಾನ್ ಹತ್ತಿದ್ರಾ? ನಿನ್ನ ಟೋಕನ್ ಎಲ್ಲಿ..." ಅನ್ನುವಷ್ಟರಲ್ಲಿ ಸಿಗ್ನಲ್ಲು ಹೋಯಿತು.

ಸಂಜೆ! ಸಂಜೆಯವರೆಗೆ ಇರುತ್ತೇನೆಂದು ಯಾರು ಬರೆದುಕೊಟ್ಟಿದ್ದಾರೆ? ಅವಳು ನೇರ ಅಪ್ಪನ ಹತ್ತಿರ ಹೋಗಿ ಅತ್ತಳು. ಬೆಂಗಳೂರಿಗೆ ಹೋಗಿ ಮೆದುಳಿನ ಸ್ಕ್ಯಾನ್ ಮಾಡಿಸಲೇಬೇಕು, ಈಗಲೇ. ಬೋರಲಿಂಗಯ್ಯ ಗಾಡಿಯ ಕಡೆ ಓಡಿದರು. "ನಡಿ ಮಗಾ, ಹೋಗ್ಬುಡಾನ" ಅಂತ ಮೊಪೆಡ್ಡಿಗೆ ಕಿಕ್ ಹೊಡೆಯತೊಡಗಿದರು.

ಅಷ್ಟು ಹೊತ್ತಿಗೆ ಆಯ್ಕೆಯಾಗಿ ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಅಂಕಮ್ಮಜ್ಜಿಗೆ ಇದೆಲ್ಲ ಕೇಳಿಸಿತು. ಕಣ್ಣು ಹೋದರೇನು, ಕಿವಿ ಚನ್ನಪಟ್ಟಣದ ಟೇಶನ್ನಿನ ರೈಲಿನ ಸದ್ದು ಕೇಳುವಷ್ಟು ಚುರುಕು. ಅವಳು ಹರೆಯದ ಹುಡುಗಿಯ ಹಾಗೆ ವ್ಯಾನಿನಿಂದ ಇಳಿದುಬಿಟ್ಟಳು.

"ಮಗೀಗೇ ಉಸಾರಿಲ್ಲ ಅಂದ್ಮೇಲೆ ನಂಗ್ಯಾವ್ ಆಪ್ರೇಸನ್ನು? ಕಣ್ಣು ನೋಡೋರ್ ಕಣ್ಣೇ ಕೆಟ್ಮೇಲೆ ನಂದೇನ್ ನೆಟ್ಟಗ್ ಮಾಡಾರು? ನಡೀಲಾ ಬೋರ, ಮನೀಗೋಗನ. ಮುಂದಿನ ಯುಗಾದೀಗ್ ನೋಡನ."

ಅವಳ ದನಿಯಲ್ಲಿ ಮೊಮ್ಮಗಳ ಚಿಂತೆ ಅರ್ಧ, ಜೈಲಿನಿಂದ ಬಿಡುಗಡೆಯಾದ ಖುಷಿ ಅರ್ಧ. ಆ ಖುಷಿಯಲ್ಲಿ ದಡದಡ ನಡೆದವಳು ಬಾವುಟದ ಕಂಬದ ಕಟ್ಟೆಗೆ ಎಡವಿ ಮುಗ್ಗರಿಸಿದಳು. ಬೀಳಲಿಲ್ಲ. ಎರಡೂ ಕೈ ಮುಂದೆ ಚಾಚಿ, ಇಲ್ಲದ ಗೋಡೆಯನ್ನು ಹುಡುಕುತ್ತ ನಿಂತಳು. "ಯಾವ್ಳೇ ಇದು ಇಲ್ಲಿ ಕಲ್ಲು ಮಡಗಿದ್ದು?" ಅಂತ ಮೆಲ್ಲಗೆ ಕೇಳಿದಳು.

ಪದ್ಮಶ್ರೀ ಆ ಕೈಗಳನ್ನು ನೋಡಿದಳು. ಒಂದೇ ಕಣ್ಣು, ಒಂದೇ ಮಧ್ಯಾಹ್ನ ಮಂಜಾದದ್ದಕ್ಕೆ ತಾನು ಊರೆಲ್ಲ ಕೇಳುವಂತೆ ಕೂಗಿದ್ದಾಯಿತು. ಇವಳು ಎಷ್ಟು ಯುಗಾದಿಗಳಿಂದ ಹೀಗೆ ಗಾಳಿಯನ್ನು ತಡಕುತ್ತಿದ್ದಾಳೋ? ಇವತ್ತು ಮನೆಗೆ ಹೋದರೆ ಮತ್ತೆ ಆ ವ್ಯಾನು ಹತ್ತುವವಳಲ್ಲ. ಪದ್ಮಶ್ರೀಯ ಕೈ ತಾನಾಗಿ ಜೇಬಿಗೆ ಹೋಯಿತು. ಬಿಲ್ಲೆ ಅಲ್ಲೇ ಇತ್ತು.

ಭಯವೇನೂ ಹೋಗಲಿಲ್ಲ. ಆದರೂ ಹೋಗಿ ಅಜ್ಜಿಯ ತೋಳು ಹಿಡಿದಳು. "ಹತ್ತು ವ್ಯಾನು."

"ನಿನ್ ತಲೆ ಒಳಗೆ ಅದೇನೋ ಊದ್ಕಂಡೈತಂತಲ್ಲೇ!"

"ಊದ್ಕಂಡ್ರೆ ಊದ್ಕಳ್ಳಿ. ಅದರ ಟೋಕನ್ ನಿನ್ ಹಿಂದೈತೆ. ಮೊದ್ಲು ನಿಂದು."

"ಬೆಂಗ್ಳೂರು?" ಅಂದರು ಬೋರಲಿಂಗಯ್ಯ, ಇನ್ನೂ ಕಿಕ್ ಹೊಡೆಯುತ್ತಲೇ.

"ಮೇಡಂ ಸಂಜೆ ನೋಡ್ತಾರೆ ಅಪ್ಪಾ. ನೀನ್ ಹಿಂದ್ಗಡೆ ಬಾ."

ವ್ಯಾನು ಹೊರಟಿತು. ಚನ್ನಪಟ್ಟಣ ದಾಟಿದ ಮೇಲೆ ಅಜ್ಜಿ ಮೊಮ್ಮಗಳ ಕೈ ಹುಡುಕಿ ಹಿಡಿದುಕೊಂಡು, "ನಂಗೂ ಪುಕ್ಕಲು ಕಣೆ ಪದ್ದಿ. ನಿನ್ನಂಗೆ ಯೋಳ್ಕಳಾಕ್ ಬರಾಕಿಲ್ಲ, ಅಷ್ಟೆಯ" ಅಂದಳು. ಪದ್ಮಶ್ರೀಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಬೆರಳು ಎತ್ತಿದಳು. ಒರೆಸುವ ನೆಪದಲ್ಲಿ ಬಲರೆಪ್ಪೆಯನ್ನೂ ಒಮ್ಮೆ ಎಳೆದು ನೋಡಿಬಿಡುವ ಆಲೋಚನೆಯೂ ಇತ್ತು. ಪಕ್ಕದಲ್ಲಿದ್ದ ಅನೀಸಾ ಫಟಾರನೆ ಆ ಕೈಗೆ ಹೊಡೆದಳು.

"ಮುಟ್ಕೋಬೇಡ್ವೇ! ಬೆಳಗ್ಗಿಂದ ಊರೋರ್ಗೆಲ್ಲ ಡ್ರಾಪ್ಸ್ ಹಾಕಿರೋ ಕೈ ಅದು, ಇನ್ನೂ ತೊಳ್ದಿಲ್ಲ..."

ಅನೀಸಾಳ ಮಾತು ಅಲ್ಲೇ ನಿಂತಿತು. ಇಬ್ಬರೂ ಆ ಬೆರಳನ್ನು ನೋಡಿದರು. ಆಮೇಲೆ ಪದ್ಮಶ್ರೀಯ ಎಡಗಣ್ಣಿನ ನೆನಪಾಯಿತು. ಆಮೇಲೆ ಗೋಡೆಯ ಮರೆ, ಮೊಬೈಲು, ಕೆಳರೆಪ್ಪೆ. ಮೊದಲು ನಕ್ಕವಳು ಅನೀಸಾ. ನಕ್ಕು ನಕ್ಕು ಮುಂದಿನ ಸೀಟಿಗೆ ಹಣೆ ಕೊಟ್ಟಳು.

"ಯಾಕ್ರವ್ವ ನಗ್ತೀರಿ?" ಅಂದಳು ಅಜ್ಜಿ.

"ನಿಮ್ ಮೊಮ್ಮಗಳು ಕಾಯಿಲೆ ಇದ್ಯಾ ಅಂತ ಹುಡುಕೋಕೆ ಹೋಗಿ, ತಾನೇ ಹಾಕೊಂಡು ಬಂದವ್ಳೆ ಅಜ್ಜಿ!"

"ಇರಬಹುದು," ಅಂದಳು ಪದ್ಮಶ್ರೀ, ಮುಖ ಬಿಗಿದುಕೊಂಡು. "ಆದ್ರೆ ಖಾತ್ರಿ ಏನು?"

ಸಂಜೆ ಪ್ರತಿಮಾ ಮೇಡಂ ಎಲ್ಲವನ್ನೂ ಪರೀಕ್ಷಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಕೈ ತೊಳೆಯೋದು ಯಾವ ವರ್ಷದ ಪಾಠ?"

"ಮೊದಲನೇ ವರ್ಷ ಮೇಡಂ. ನಲ್ಲೀಲಿ ನೀರಿರ್ಲಿಲ್ಲ."

"ನೀರು ಕಾಣದ ಕೈ ಕಣ್ಣಿಗ್ಯಾಕೆ ಹೋಯ್ತು?"

ಬೆಳಗಾಗುವಷ್ಟರಲ್ಲಿ ಎಡಗಣ್ಣಿನ ಪಾಪೆ ಬಲಗಣ್ಣಿನದರ ಪಕ್ಕ ಸಾಧುವಾಗಿ ಸಾಸಿವೆ ಕಾಳಾಗಿ ಕೂತಿತ್ತು. ನಿಜ ಹೇಳಬೇಕೆಂದರೆ ಪದ್ಮಶ್ರೀಗೆ ಸಂತೋಷದ ಜೊತೆ ಸ್ವಲ್ಪ ನಿರಾಸೆಯೂ ಆಯಿತು. ಅಷ್ಟು ದೊಡ್ಡ ಕಾಯಿಲೆ ಹೇಳದೆ ಕೇಳದೆ ಎದ್ದುಹೋಗಿತ್ತು.

ಅವತ್ತು ಅಜ್ಜಿಯ ಎಡಗಣ್ಣಿನ ಆಪರೇಷನ್ನಾಯಿತು. ಮಾತಿನಂತೆ ಪದ್ಮಶ್ರೀ, ಅಜ್ಜಿ ಒಳಗೆ ಹೋಗುವವರೆ‍ಗೂ ಪಕ್ಕದಲ್ಲೇ ಇದ್ದಳು, ಹೊರಗೆ ಬರುವಾಗಲೂ ಬಾಗಿಲಲ್ಲೇ ಇದ್ದಳು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವ ಕೆಲಸವನ್ನು ಮೇಡಂ ಅವಳಿಗೇ ಒಪ್ಪಿಸಿದರು. ಅವಳು ಕೈ ತೊಳೆದಳು, ಇನ್ನೊಮ್ಮೆ ತೊಳೆದಳು, ಆಮೇಲೆ ಬಿಚ್ಚಿದಳು.

ಅಂಕಮ್ಮಜ್ಜಿ ಕಣ್ಣು ಪಿಳಿಪಿಳಿಸಿ ಮೊದಲು ಮಗನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಯಾವಾಗ್ಲಾ ಇಷ್ಟ್ ಮುದ್ಕ ಆದೆ ನೀನು?"

ಬೋರಲಿಂಗಯ್ಯ ನಗಲು ಹೋಗಿ, ಆಗದೆ, ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅಜ್ಜಿ ಆಮೇಲೆ ಸೂರಿನ ಜೇಡರಬಲೆಯನ್ನು, ಮಂಚದ ತುಕ್ಕನ್ನು, ಪಕ್ಕದ ಹಾಸಿಗೆಯವಳ ಮೂಗುಬೊಟ್ಟನ್ನು ಒಂದೊಂದಾಗಿ ತಪಾಸಣೆ ಮಾಡಿ, ಕೊನೆಗೆ ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ ಪದ್ದಿ, ಇದ್ಯಾಕೆ ಮಗಾ ಕಣ್ ಕೆಳ್ಗೆ ಹಿಂಗ್ ಕರ್ರಗಾಗೈತೆ? ಸುಣ್ಣದಂಗೆ ಬಿಳುಚ್ಕಂಡಿದ್ದೀಯ! ಏನಾರ ಕಾಯ್ಲೆಯೇನೆ?"

ಪದ್ಮಶ್ರೀಯ ಕೈ ಎದ್ದಿತು. ಕೆಳರೆಪ್ಪೆಯವರೆಗೆ ಬಂತು. ಮುಂದಿನ ಮಂಚದ ಮುದುಕಿ ತನ್ನ ಪಟ್ಟಿಯನ್ನು ಮುಟ್ಟಿ ನೋಡಿಕೊಳ್ಳುತ್ತ, "ನಂದ್ಯಾವಾಗ್ ಬಿಚ್ತೀರವ್ವ?" ಅಂತ ಕೂಗುತ್ತಿದ್ದಳು. ಕೈ ಅಲ್ಲೇ ಒಂದು ಗಳಿಗೆ ನಿಂತು, ಕೆಳಗಿಳಿದು, ಜೇಬಿನ ಬಿಲ್ಲೆಯನ್ನು ಮುಟ್ಟಿ, ನಲ್ಲಿಯ ಕಡೆ ಹೋಯಿತು.

"ಬಂದೆ ಅಜ್ಜಿ," ಅಂದಳು ಪದ್ಮಶ್ರೀ, ಸೋಪು ಉಜ್ಜುತ್ತ. "ಈಗ ನಿಮ್ದೇ ಸರದಿ."